ಹೆಂಡತಿಯ ಲಿಂಕ್

ಕಳೆದ ದಸರಾ ರಜೆ ಮುಗಿದ ಮರುದಿನ ನಡೆದದ್ದು. ಗುಮಾಸ್ತನೊಬ್ಬ ಹೆಂಡತಿಯೊಂದಿಗೆ ಕ್ರೆಡಿಟ್ ಕಾರ್ಡಿನ ಬೋನಸ್ ಪಾಯಿಂಟುಗಳಲ್ಲೇ ಅಂಡಮಾನಿಗೆ ಹಾರಿಬಂದನೆಂದು ಕೇಳಿ ಮ್ಯಾನೇಜರ್ ಚನ್ನವೀರಪ್ಪನವರ ಹೊಟ್ಟೆಗೆ ಬೆಂಕಿ ಬಿತ್ತು.

"ನಾನೇ ಇನ್ನೂ ವಿಮಾನ ಹತ್ತಿಲ್ಲ, ನೀನು ಹಾರ್ತೀಯಾ? ಯಾವ ಕಾರ್ಡದು? ಈಗಲೇ ಕಳಿಸು!"

ಗುಮಾಸ್ತ ತಕ್ಷಣ, ಹೊಸಬರು ಕಾರ್ಡಿಗೆ ಸೇರಲೆಂದು ಬ್ಯಾಂಕು ತನ್ನ ಹೆಂಡತಿಗೆ ಕೊಟ್ಟಿದ್ದ ಲಿಂಕ್ ಕಳಿಸಿದ. ಚನ್ನವೀರಪ್ಪನವರು ಅದರಲ್ಲೇ ತಮಗೊಂದು, ಮಡದಿಗೊಂದು ಕಾರ್ಡು ಮಾಡಿಸಿದರು.

ಸಂಕ್ರಾಂತಿಗೆ ಗುಮಾಸ್ತ ಮತ್ತೆ ರಜೆ ಕೇಳಿದ.

"ಈಗೆಲ್ಲಿಗಯ್ಯಾ?"

"ಗೋವಾಕ್ಕೆ ಸಾರ್, ನಿಮ್ಮ ದಯೆ. ನಮ್ಮ ಲಿಂಕಿನಲ್ಲಿ ಯಾರು ಸೇರಿದರೂ ನಮಗೂ ಬೋನಸ್ ಬರುತ್ತೆ."

"ನನ್ನ ಹೆಂಡತಿ ಸೇರಿದ್ದಕ್ಕೂ ನಿಮಗೇ ಬಂತಾ?"

"ಮೇಡಮ್ಮಿಗೆ ನಿಮ್ಮ ಲಿಂಕ್ ಕೊಟ್ಟಿದ್ದರೆ ನಿಮಗೇ ಬರ್ತಿತ್ತು ಸಾರ್. ನಾವು ಗಂಡ ಹೆಂಡತಿ ಹಾಗೇ ಮಾಡಿದ್ದು."

ಹಲ್ಲು ಕಡಿಯುತ್ತ ಚನ್ನವೀರಪ್ಪನವರು ತಮ್ಮ ಲಿಂಕನ್ನು ಇಡೀ ಆಫೀಸಿಗೆ ಕಳಿಸಿದರು. ಆದರೆ ಆಫೀಸಿನವರೆಲ್ಲ ಎಂದೋ ಗುಮಾಸ್ತನ ಹೆಂಡತಿಯ ಲಿಂಕಿನಲ್ಲಿ ಸೇರಿಯಾಗಿತ್ತು.

ಮ್ಯಾನೇಜರರ ಲಿಂಕಿನಲ್ಲಿ ಸೇರಿದವರು ಸೊನ್ನೆ.