ಇಸ್ತ್ರಿಯವನ ಕೋಲು

“ಗುರುಗಳೇ, ವಿಮಾ ಕಂಪನಿಗೆ ಒಂದು ಸುಳ್ಳು ಹೇಳಿದರೆ ಯಾರಿಗೆ ನೋವು? ಕಂಪನಿಗೆ ಮುಖವೇ ಇಲ್ಲವಲ್ಲ!” ಎಂದು ಶಿಷ್ಯ ಕೇಳಿದ.

ಪ್ರಶ್ನೆ ಬಂತೆಂದರೆ ಗುರುಗಳಿಗೆ ಹಬ್ಬ. “ಭೇಷ್! ಕೂತುಕೊಳ್ಳಯ್ಯ, ಇದಕ್ಕೊಂದು ಕತೆಯೇ ಇದೆ” ಎಂದು ಶುರುಮಾಡಿದರು.

“ಒಂದೂರಿನಲ್ಲಿ ಒಬ್ಬ ಇಸ್ತ್ರಿ ಅಂಗಡಿಯವನು. ಬಟ್ಟೆಗಂಟು ಹೊತ್ತು ರಸ್ತೆ ದಾಟುವಾಗ ಕಾರು ಗುದ್ದಿತು. ಕಾಲು ಮುರಿಯಿತು. ತಪ್ಪು ಕಾರಿನವನದೇ, ಅದರಲ್ಲಿ ಎರಡು ಮಾತಿಲ್ಲ. ಕಾರಿನ ವಿಮಾ ಕಂಪನಿಯ ಮೇಲೆ ಪರಿಹಾರಕ್ಕೆ ಕೇಸು ಹಾಕಿದ. ಕೇಸು ಎಳೆಯಿತು. ಮೂಳೆ ಕೋರ್ಟಿಗೆ ಕಾಯುತ್ತದೆಯೇ? ಕೂಡಿಕೊಂಡಿತು!

ವಕೀಲ ಹೇಳಿದ: ‘ಕಾಲು ಸರಿಹೋಯಿತು ಅಂತ ಊರಿಗೆಲ್ಲ ಸಾರಬೇಡಪ್ಪ. ತೀರ್ಪು ಬರುವವರೆಗೆ ಕೋಲು ಬಿಡಬೇಡ. ನಿನ್ನನ್ನು ನೋಡೋಕೆ ಕಂಪನಿಯವರು ಜನ ಬಿಟ್ಟಿರುತ್ತಾರೆ.’

ಬಿಟ್ಟೇ ಇದ್ದರು. ಎದುರಿನ ಟೀ ಅಂಗಡಿಯಲ್ಲಿ ಒಬ್ಬ ದಿನವೂ ಬಂದು ಕೂರುತ್ತಿದ್ದ. ಇಸ್ತ್ರಿಯವನು ಮನೆಯೊಳಗೆ ನೆಟ್ಟಗೆ ನಡೆಯುವನು, ಅಂಗಡಿಯಲ್ಲಿ ಕುಂಟುವನು. ಕುಂಟನಿಗೆ ಗಂಟು ಹೊರಲಾದೀತೇ? ಮನೆಮನೆಗೆ ಬಟ್ಟೆ ತಲುಪಿಸುವ ಕೆಲಸ ಹೆಂಡತಿಗೆ ಬಿತ್ತು. ‘ರೀ, ಇನ್ನೆಷ್ಟು ದಿನ ಈ ನಾಟಕ?’ ಎಂದರೆ, ‘ತೀರ್ಪು ಬರಲಿ ಕಣೇ, ಆಮೇಲೆ ನಿನ್ನನ್ನೂ ಹೊತ್ತುಕೊಂಡೇ ತಿರುಗುತ್ತೇನೆ’ ಎನ್ನುವನು. ಅವಳು ನಕ್ಕುಬಿಡುವಳು.

ಒಂದು ಸಂಜೆ ಅವಳು ತಲೆಯ ಮೇಲೆ ಗಂಟು ಹೊತ್ತು ರಸ್ತೆಗಿಳಿದಳು. ಗಂಟು ಬಲಕ್ಕೆ ವಾಲಿ ಆ ಕಡೆಯ ನೋಟಕ್ಕೆ ಅಡ್ಡವಾಯಿತು. ಆ ಕಡೆಯಿಂದಲೇ ಒಂದು ಕಾರು ಬಂತು. ಗಂಡ ನೋಡಿದ. ನಾಲ್ಕು ಹೆಜ್ಜೆ ಓಡಿದರೆ ಸೆರಗು ಕೈಗೆ ಸಿಗುತ್ತಿತ್ತು. ಕಾಲು ನೆಲ ಬಿಟ್ಟಿತು. ಅಷ್ಟರಲ್ಲಿ ಕಣ್ಣು ಟೀ ಅಂಗಡಿಯತ್ತ ಹೋಯಿತು. ಅಲ್ಲಿದ್ದವನು ಲೋಟ ಕೆಳಗಿಟ್ಟು ಇವನ ಕಾಲನ್ನೇ ನೋಡುತ್ತಿದ್ದ.

ಇವನು ಕೋಲು ಬಿಗಿಹಿಡಿದು, ನಿಂತಲ್ಲಿಂದಲೇ ಕೂಗಿದ.

ಬ್ರೇಕು ಕಿರುಚಿ ಕಾರು ನಿಂತಿತು. ಬಂಪರು ಅವಳ ಸೀರೆಗೆ ತಾಗಿತ್ತು. ಗಂಟು ಬಿಚ್ಚಿ ಬಟ್ಟೆಯೆಲ್ಲ ರಸ್ತೆಪಾಲು. ಅವಳು ಕಾರಿನ ಕಡೆ ನೋಡದೆ ಗಂಡನ ಕಡೆ ತಿರುಗಿದಳು. ಅವನು ಕೋಲೂರಿ ನಿಂತೇ ಇದ್ದ. ಅವಳು ಬಗ್ಗಿ ಒಂದೊಂದೇ ಬಟ್ಟೆ ಆಯ್ದುಕೊಂಡಳು.”

ಶಿಷ್ಯನಿಗೆ ತಡೆಯಲಾಗಲಿಲ್ಲ. “ಕೇಸು ಏನಾಯಿತು ಗುರುಗಳೇ?”

“ಗೆದ್ದ! ಟೀ ಅಂಗಡಿಯಲ್ಲಿ ಕೂರುತ್ತಿದ್ದ ಕಂಪನಿಯವನೇ ಕೋರ್ಟಿಗೆ ಹೋಗಿ ಹೇಳಿದನಲ್ಲ, ಹೆಂಡತಿ ಕಾರಿನಡಿ ಹೋಗುವಾಗಲೂ ಓಡದವನ ಕಾಲು ನಿಜವಾಗಿಯೂ ಹೋಗಿದೆ ಅಂತ.”

“ಹಾಗಾದರೆ ಯಾರಿಗೂ ಏನೂ ಆಗಲಿಲ್ಲವಲ್ಲ!”

ಗುರುಗಳ ನಗು ನಿಂತಿತು. “ತೀರ್ಪಿನ ದಿನ ಅವನು ಕೋಲು ಬಿಸಾಡಿ, ರಸ್ತೆ ದಾಟಿಸಲೆಂದು ಹೆಂಡತಿಯತ್ತ ಕೈ ಚಾಚಿದ; ಅವಳು ಆ ಕೋಲನ್ನೇ ಎತ್ತಿ ತಂದು ಅವನ ಕೈಗಿಟ್ಟಳು.”