ಬಚ್ಚಲ ನೀರಿನ ಮೂರು ಒಗಟು

"ರಾಜಕುಮಾರಿ ಕನಕಮಾಲೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ, ಜೊತೆಗೆ ಕೇಳಿದ ಒಂದು ವರ. ತಪ್ಪಿದವನಿಗೆ ಶೂಲ" ಎಂದು ಹಿರೇಮಟ್ಟಿಯ ರಾಜ ಡಂಗುರ ಸಾರಿಸಿದ.

ಬಾವಿ ತಳ ಕಂಡಿದ್ದರೂ ಅರಮನೆಯವರು ದಿನಕ್ಕೆರಡು ಸಲ ಮೀಯುವುದು ಬಿಟ್ಟಿರಲಿಲ್ಲ. ಮಿಂದ ನೀರೆಲ್ಲ ಕೆಳಗಿನ ಕೇರಿಗೆ ಹರಿದು, ಅಂಗಳಗಳಲ್ಲಿ ನಿಂತು ಸೊಳ್ಳೆ ಸಾಕುತ್ತಿತ್ತು. ಅರಮನೆಯ ಪಾತ್ರೆ ತಿಕ್ಕುವ ಮಾಳಿಂಗನ ತಂಗಿ ಆ ಕೇರಿಯಲ್ಲೇ ಜ್ವರದಿಂದ ಮಲಗಿದ್ದಳು. ವರ ಎಂಬ ಮಾತು ಕೇಳಿದ್ದೇ ಮಾಳಿಂಗ ಕೈ ಒರೆಸಿಕೊಂಡು ಸಭೆಗೆ ನಡೆದ.

ಅವನಿಗಿಂತ ಮುಂದೆ ಇಬ್ಬರು ರಾಜಕುಮಾರರು ನಿಂತಿದ್ದರು.

ಕನಕಮಾಲೆ ಕೇಳಿದಳು: "ಎಲ್ಲರ ಮೈ ತೊಳೆಯುತ್ತಾಳೆ. ತೊಳೆದ ಮೇಲೆ ಅವಳನ್ನೇ ಹೊಲಸು ಅಂತ ಹಿತ್ತಲಿಂದ ಓಡಿಸುತ್ತಾರೆ. ಯಾರು?"

"ಗಂಗಾದೇವಿ" ಎಂದ ಮೊದಲನೆಯವನು.

"ನಿಮ್ಮ ಮನೇಲಿ ಗಂಗೆಯನ್ನು ಓಡಿಸ್ತೀರಾ?" ಅವನನ್ನು ಕಂಬಕ್ಕೆ ಕಟ್ಟಿದರು.

"ದಾಸಿ" ಎಂದ ಎರಡನೆಯವನು.

"ಅವಳನ್ನು ಓಡಿಸಿದರೆ ನಿನ್ನ ಬೆನ್ನು ಯಾರು ಉಜ್ಜೋದು?" ಅವನೂ ಕಂಬಕ್ಕೆ ಹೋದ.

"ಬಚ್ಚಲ ನೀರು, ಅಮ್ಮಣ್ಣಿ" ಎಂದ ಮಾಳಿಂಗ. ಸಭೆ ಮೂಗು ಮುಚ್ಚಿತು.

"ಸರಿ. ಗುಂಡಿಯಲ್ಲಿ ಮೂವರು ಒಬ್ಬರ ಮೇಲೊಬ್ಬರು ಮಲಗಿದ್ದಾರೆ. ಕೈಯಿಲ್ಲ, ಆದರೂ ಆ ನೀರಿನ ಕೊಳೆ ತೆಗೆಯುತ್ತಾರೆ."

"ಜಲ್ಲಿ, ಮರಳು, ಇದ್ದಿಲು. ನನ್ನ ಗುಡಿಸಲ ಹಿಂದೆ ಮಲಗಿಸಿದ್ದೀನಿ. ನಮ್ಮನೆ ನೀರಿಗೆ ಸಾಕಾಗುತ್ತೆ. ನಿಮ್ಮದು ಹೊಳೆ, ನನ್ನ ಗುಂಡಿ ತಡೆಯಲ್ಲ."

"ಕೊನೆಯದು. ಎಂಜಲು ನೀರು ಕುಡಿಯುತ್ತಾಳೆ, ಆದರೂ ಮಡಿಯವರ ಪಂಕ್ತಿಯಲ್ಲಿ ಅವಳದೇ ಮೊದಲ ಜಾಗ."

ರಾಜಗುರು ಸಿಡುಕಿದರು. "ಎಂಜಲು ಕುಡಿದವಳಿಗೆ ಮಡಿ ಎಲ್ಲಿಯದು? ಇದಕ್ಕೆ ಉತ್ತರವೇ ಇಲ್ಲ. ಶೂಲ ನೆಡಿಸಿ."

ಭಟರು ಮಾಳಿಂಗನ ತೋಳು ಹಿಡಿದರು. ಅವನು ಕದಲಲಿಲ್ಲ.

"ಗುರುಗಳೇ, ಮಧ್ಯಾಹ್ನ ಯಾವುದರ ಮೇಲೆ ಉಂಡಿರಿ?"

"ಬಾಳೆ ಎಲೆ ಮೇಲೆ. ಮತ್ತೆ?"

"ಅದೇ ಉತ್ತರ. ಅರಮನೆ ತೋಟ ಒಣಗಿ ತಿಂಗಳಾಯ್ತು. ಈಗ ಎಲೆ ಬರೋದು ನಮ್ಮ ಹಿತ್ತಲಿಂದ. ಪಾತ್ರೆ ತೊಳೆದ ನೀರನ್ನು ಗುಂಡಿಗೆ ಬಿಟ್ಟು, ಅಲ್ಲಿ ತಿಳಿಯಾದದ್ದನ್ನು ಬಾಳೆಗೆ ಹಾಯಿಸ್ತೀನಿ."

ಗುರುಗಳ ಕೈ ಹೊಟ್ಟೆ ಮೇಲೆ ಹೋಯಿತು. ಕನಕಮಾಲೆ ನಕ್ಕಳು. "ಮೂರೂ ಸರಿ. ವರ ಕೇಳು."

"ಅರಮನೆ ಬಚ್ಚಲಿಗೂ ಅಂಥ ಗುಂಡಿ ಆಗಬೇಕು. ನಿಮ್ಮ ನೀರು ನಿಮ್ಮ ತೋಟಕ್ಕೇ ಹೋಗಲಿ, ನಮ್ಮ ಕೇರಿಗೆ ಬೇಡ. ಕಂಬಕ್ಕೆ ಕಟ್ಟಿರೋ ಈ ಇಬ್ಬರನ್ನು ಶೂಲಕ್ಕೆ ಏರಿಸಬೇಡಿ, ಕೈಗೆ ಗುದ್ದಲಿ ಕೊಡಿ. ಆಳು ಸಾಲದು."

"ಮದುವೆ?" ರಾಜನ ದನಿ ಸಣ್ಣಗಾಗಿತ್ತು.

"ಗುಂಡಿ ಮುಗೀಲಿ."

ಕನಕಮಾಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದಳು. "ಅಪ್ಪಾ, ನನಗೂ ಒಂದು ಗುದ್ದಲಿ ತರಿಸು."

ಹತ್ತು ದಿನಕ್ಕೆ ಕೇರಿಯ ಅಂಗಳ ಒಣಗಿತು. ಜ್ವರ ಬಿಟ್ಟ ತಂಗಿ ಅದನ್ನು ಸಗಣಿಯಿಂದ ಸಾರಿಸಿದಳು. ಮದುವೆ ಚಪ್ಪರ ಅಲ್ಲೇ ಹಾಕಿದರು.