ಜೋಲನ ಹೊಟ್ಟೆಯೊಳಗಿನ ಒಕ್ಕಲು

ಕೇಳ್ರಪ್ಪಾ, ಹತ್ತಿರ ಬಂದು ಕೇಳಿ. ತೂಗುಬಂಡೆ ಅಂತ ಒಂದು ರಾಜ್ಯ ಇತ್ತು. ಬೆಟ್ಟದ ತುದಿಯಲ್ಲಿ ಒಂದು ಬಂಡೆ. ಆನೆ ಮೇಲೆ ಆನೆ ಪೇರಿಸಿದಷ್ಟು ದೊಡ್ಡದು, ನಿಂತಿದ್ದು ಮಾತ್ರ ಕಡಲೆಕಾಳಿನಷ್ಟು ಜಾಗದ ಮೇಲೆ. ಕಾಗೆ ಕೂತರೆ ಆ ಕಡೆ ವಾಲೋದು, ಕಾಗೆ ಎದ್ದರೆ ಈ ಕಡೆ ವಾಲೋದು. ಅದರ ಕೆಳಗೇ ಊರು. ಆ ಊರಲ್ಲಿ ಪುಕ್ಕಲರು ಹುಟ್ಟುತ್ತಲೇ ಇರಲಿಲ್ಲ. ಹುಟ್ಟಿದರೂ ನಡೆಯೋಕೆ ಬಂದ ದಿನವೇ ಊರು ಬಿಡೋರು.

ಆ ರಾಜ್ಯದಲ್ಲಿ ಹಂಡವ್ವ ಅಂತ ಒಂದು ಮೇಕೆ. ಅವಳ ಮಗ ಜೋಲ. ಅವನು ಹುಟ್ಟಿದಾಗ ಮೊದಲು ಕಿವಿ ಬಂತು, ಒಂದು ವೀಳ್ಯ ಹಾಕ್ಕೊಳ್ಳೋ ಹೊತ್ತು ಕಾದ ಮೇಲೆ ಮರಿ ಬಂತು. ಅಷ್ಟುದ್ದದ ಕಿವಿ. ನಡೆದರೆ ದಾರಿ ಗುಡಿಸೋನು. ಮಳೆ ಬಂದರೆ ಎರಡೂ ಕಿವಿ ತಲೆ ಮೇಲೆ ಎಳಕೊಂಡು ಕೊಡೆ ಮಾಡ್ಕೊಳ್ಳೋನು. ಕಿವಿ ಅಷ್ಟು ದೊಡ್ಡದಾದ ಮೇಲೆ ಯಾರಿಗೂ ಕೇಳದ್ದು ಅವನಿಗೆ ಕೇಳಬೇಕಲ್ಲ? ಕೇಳ್ತಿತ್ತು.

ಒಂದು ಮಧ್ಯಾಹ್ನ ಜೋಲ ಜಾಲಿಮರದ ನೆರಳಲ್ಲಿ ಮಲಗಿ ಮೆಲುಕು ಹಾಕ್ತಿದ್ದ. ಎಡ ಪಕ್ಕೆಯೊಳಗೆ ಗುಜುಗುಜು ಅಂತ ಸದ್ದು. ಸಂತೆಯ ಗದ್ದಲ ದೂರದಿಂದ ಕೇಳೋ ಹಂಗೆ.

"ಯಾರಪ್ಪಾ ಒಳಗೆ?" ಅಂದ ಜೋಲ.

"ನಾವು."

"ನಾವು ಅಂದರೆ ಯಾರು?"

"ನಾವು ಅಂದರೆ ನಾವೇ. ಹೊರಗೆ ನೀನ್ಯಾರು?"

ಜೋಲ ಕಿವಿ ಮಡಚಿ ಪಕ್ಕೆಗೆ ಒತ್ತಿದ. ಒಳಗಿನೋರೇ ಹೇಳಿದರು. "ನಿನ್ನ ಹೊಟ್ಟೆಯಲ್ಲಿ ಮೂರು ಕೇರಿ ಐತೆ. ಮೂಡಲಕೇರಿಯೋರು ನಾರು ಬಿಡಿಸ್ತೀವಿ. ನಡುಕೇರಿಯೋರು ಕಾಳು ಹುಳಿಸ್ತೀವಿ. ಪಡುವಲಕೇರಿಯೋರು ಒಲೆಯ ಹೊಗೆ ಮೇಲಕ್ಕೆ ಕಳಿಸ್ತೀವಿ."

"ಹೊಗೆಯಾ?"

"ನೀನು ತೇಗು ಅಂತೀಯಲ್ಲ, ಅದೇ. ಇಷ್ಟು ದಿನ ಮುಳ್ಳು, ಸೊಪ್ಪು, ಕಾಯಿ ಎಲ್ಲ ನೀನೇ ಅರಗಿಸ್ತಿದ್ದೆ ಅಂದ್ಕೊಂಡಿದ್ದೆಯಾ? ನೀನು ಬರೀ ಅಗಿಯೋ ಆಳು ಕಣಯ್ಯಾ. ಅಡಿಗೆ ನಮ್ಮದು."

ಜೋಲ ಒಂದೇ ಓಟಕ್ಕೆ ಅವ್ವನ ಹತ್ತಿರ ಬಂದ. "ಅವ್ವಾ, ಅವ್ವಾ, ನನ್ನ ಹೊಟ್ಟೆಯೊಳಗೆ ಜನ ಇದ್ದಾರೆ!"

"ಇರದೆ ಏನು? ನಾನೇ ಒಕ್ಕಲು ಕೂರಿಸಿದ್ದು," ಅಂದಳು ಹಂಡವ್ವ.

"ಯಾವಾಗ?"

"ನೀನು ಇನ್ನೂ ಒದ್ದೆ ಮೈಯಲ್ಲಿದ್ದಾಗ ನೆಕ್ಕಿದೆನಲ್ಲ, ಆಗ. ನನ್ನ ಬಾಯಿಗೆ ಬಾಯಿ ಹಾಕಿ ಮೆಲುಕು ಕದೀತಿದ್ದೆಯಲ್ಲ, ಆಗ. ನನಗೆ ನಮ್ಮವ್ವ ಕೊಟ್ಟಳು. ನಮ್ಮವ್ವನಿಗೆ ಅವರವ್ವ."

"ಮೊಟ್ಟಮೊದಲನೇ ಅವ್ವನಿಗೆ ಯಾರು ಕೊಟ್ಟರು?"

"ಸೊಪ್ಪು ತಿನ್ನು ಹೋಗು."

ಆ ರಾಜ್ಯದ ದೊರೆ ಓಬಳನಾಯಕ. ಅವನಿಗೂ ಇದೇ ರೋಗ, ಕಂಡದ್ದೆಲ್ಲ ಕೇಳೋ ರೋಗ. ಹಲ್ಲಿಗೆ ಲೊಚಗುಟ್ಟೋಕೆ ಕಲಿಸಿದೋರು ಯಾರು? ಬಾವಿಯಲ್ಲಿ ಕೂಗಿದರೆ ತಿರುಗಿ ಕೂಗೋನು ಊಟಕ್ಕೇನು ಮಾಡ್ತಾನೆ? ಒಂದು ಸಲ ತನ್ನ ನೆರಳು ಎಷ್ಟು ತೂಕ ಐತೆ ನೋಡ್ರಿ ಅಂತ ತಕ್ಕಡಿ ತರಿಸಿದ್ದ. ತೂಗಿದರು ಕೂಡ. ಬೆಳಿಗ್ಗೆ ಜಾಸ್ತಿ ಬಂತು, ಮಧ್ಯಾಹ್ನ ಕಮ್ಮಿ ಬಂತು.

ಅಂಥಾ ದೊರೆ ಒಂದಿನ ಕುದುರೆ ಮೇಲೆ ಬರುವಾಗ ಜೋಲನ ಕಿವಿ ನೋಡಿದ. ನೋಡಿದೋನು ಅಲ್ಲೇ ಇಳಿದ. "ಈ ಮರಿ ನನ್ನ ಹತ್ತಿರ ಇರಲಿ. ಇಷ್ಟು ದೊಡ್ಡ ಕಿವಿಗೆ ಏನೇನು ಕೇಳುತ್ತೋ ನನಗೆ ತಿಳೀಬೇಕು," ಅಂದ. ಜೋಲ ಅರಮನೆ ಸೇರಿದ.

ದೊರೆಯ ಪ್ರೀತಿ ಅಂದರೆ ಸುಮ್ಮನೆ ಅಲ್ಲ. ಬೆಳಿಗ್ಗೆ ಒಂದು ಮಂಕರಿ ಜೋಳ. ಮಧ್ಯಾಹ್ನ ಬೆಲ್ಲ ಕಲಸಿದ ಅನ್ನ. ಸಂಜೆ ತುಪ್ಪದ ಹೋಳಿಗೆ. ಜಾಲಿ ಇಲ್ಲ, ಕಾರೆ ಇಲ್ಲ, ಒಂದು ಎಲೆ ಹಸಿರಿಲ್ಲ.

ಮೊದಲನೇ ದಿನ ಒಳಗಿಂದ ಕೂಗು ಬಂತು. "ಜೋಲಾ, ಸೊಪ್ಪೆಲ್ಲಿ?"

"ಇವತ್ತು ಹೋಳಿಗೆ," ಅಂದ ಜೋಲ.

ಎರಡನೇ ದಿನ, "ಜೋಲಾ, ಸೊಪ್ಪೆಲ್ಲಿ? ಮೂಡಲಕೇರಿಯಲ್ಲಿ ಒಲೆ ಹಚ್ಚಿಲ್ಲ."

"ಇವತ್ತೂ ಹೋಳಿಗೆ."

ಮೂರನೇ ದಿನ ಕೂಗಲ್ಲ, ಬೊಬ್ಬೆ. "ಜೋಲಾ! ನಡುಕೇರಿಯೋರು ಕಾಳು ತಿಂದು ತಿಂದು ಮನೆಗೆ ಹತ್ತು ಜನ ಆಗವ್ರೆ! ಹುಳಿ ಉಕ್ಕಿ ಬೀದಿಗೆ ಬಂದೈತೆ, ಮೊಣಕಾಲುದ್ದ!"

ಜೋಲನ ಹೊಟ್ಟೆ ನಗಾರಿ ಥರ ಊದಿತು. ಕಾವಲಿನೋರು ಬೆರಳಲ್ಲಿ ತಟ್ಟಿದರೆ ಢಂ ಅಂತಿತ್ತು. ದೊರೆ ಹೌಹಾರಿ ಪಂಡಿತನನ್ನ ಕರೆಸಿದ.

ಈಗ ಪಂಡಿತ ಯಾರು ಅಂತ ಹೇಳಬೇಕು. ಆ ರಾಜ್ಯದಲ್ಲಿ ಹಳೇ ಕಟ್ಟಳೆ ಒಂದಿತ್ತು. ತಾನಾಗಿ ಸತ್ತ ಆಡು, ಕುರಿ, ದನ ಎಲ್ಲ ಕತ್ತೆಕಿರುಬನ ಪಾಲು. ಕಿರುಬ ಅದನ್ನೇ ತಿಂದು ಬದುಕ್ತಿದ್ದ. ಒಂದು ವರ್ಷ ಯಾಕೋ ಯಾವ ಜೀವವೂ ಸಾಯಲಿಲ್ಲ. ಕಿರುಬ ಹಸಿದು ಯೋಚನೆ ಮಾಡಿದ. ಎಲ್ಲಿಂದಲೋ ಒಂದು ಜರತಾರಿ ಶಾಲು ತಂದ, ಹೊದ್ದ, ನಾನು ಪಶುವೈದ್ಯ ಅಂದ. ಸತ್ತರೆ ತಿನ್ನೋನೂ ಅವನೇ, ಸಾಯದ ಹಾಗೆ ನೋಡೋನೂ ಅವನೇ. ಎರಡನ್ನೂ ಜೋಡಿಸಿ ನೋಡಿದೋನು ಇಡೀ ರಾಜ್ಯದಲ್ಲಿ ಒಬ್ಬನೂ ಇರಲಿಲ್ಲ. ಎಲ್ಲಾ ಕೇಳೋ ದೊರೆಯೂ ಅದನ್ನ ಕೇಳಲಿಲ್ಲ. ಶಾಲು ಅಷ್ಟು ಚೆನ್ನಾಗಿತ್ತು.

ಕಿರುಬ ಪಂಡಿತ ಬಂದ. ಜೋಲನ ಪಕ್ಕೆಗೆ ಕಿವಿ ಇಟ್ಟ. "ದೊರೆಯೇ, ಒಳಗೆ ಜನ ಸೇರ್ಕೊಂಡವ್ರೆ. ಅವರನ್ನ ಖಾಲಿ ಮಾಡಿಸಬೇಕು."

"ಜನವಾ? ಎಂಥಾ ಜನ? ಏನು ಕೆಲಸ ಮಾಡ್ತಾರೆ?" ದೊರೆಗೆ ಕಣ್ಣರಳಿತು.

"ಕೆಲಸ ಎಲ್ಲಿ ಬಂತು ಬುದ್ಧಿ? ಕೂತು ತಿಂತಾರೆ, ಅಷ್ಟೇ."

ಮೊದಲನೇ ದಿನ ಬೇವಿನ ಕಷಾಯ ಕುಡಿಸಿದ. ಮೂಡಲಕೇರಿ ಖಾಲಿಯಾಯ್ತು. ಎರಡನೇ ದಿನ ಹೊಗೆಸೊಪ್ಪಿನ ನೀರು ಕುಡಿಸಿದ. ನಡುಕೇರಿ ಖಾಲಿಯಾಯ್ತು. ಮೂರನೇ ದಿನ ಮೈಲುತುತ್ತ ಅನ್ನೋ ನೀಲಿ ವಿಷ ಕದಡಿ ಕುಡಿಸಿದ. ಪಡುವಲಕೇರಿಯಿಂದ ಒಂದೇ ಒಂದು ಸಣ್ಣ ದನಿ, "ಜೋಲಾ, ಹೋಗಿಬರ್ತೀವಿ," ಅಂತು. ಆಮೇಲೆ ಅದೂ ಇಲ್ಲ.

ಹೊಟ್ಟೆ ಇಳಿಯಿತು. ಅರಮನೆಯಲ್ಲಿ ಎಲ್ಲರೂ ಭೇಷ್ ಭೇಷ್ ಅಂದರು. ಜೋಲ ಒಬ್ಬನೇ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿದ್ದ.

"ಯಾರಿದ್ದೀರಿ ಒಳಗೆ?"

ಸದ್ದಿಲ್ಲ.

"ಒಬ್ಬರಾದರೂ?"

ಸದ್ದಿಲ್ಲ.

ಹುಟ್ಟಿದಾಗಿಂದ ಜೋಲ ಒಬ್ಬನೇ ಇದ್ದದ್ದು ಇದೇ ಮೊದಲು. ಹೋಳಿಗೆ ತಿಂದರೆ ಹೋಳಿಗೆಯಾಗೇ ಕೂತಿತು. ಯಾರೋ ಕನಿಕರದಿಂದ ಸೊಪ್ಪು ತಂದರೆ ಸೊಪ್ಪು ಸೊಪ್ಪಾಗೇ ಕೂತಿತು. ಮೆಲುಕು ಬರಲಿಲ್ಲ, ತೇಗು ಬರಲಿಲ್ಲ. ಅವನು ಎಷ್ಟು ಬಡವಾದ ಅಂದರೆ ದೂರದಿಂದ ನೋಡಿದರೆ ಎರಡು ಕಿವಿ ಮಾತ್ರ ಕಾಣೋವು, ಮಧ್ಯೆ ಏನೂ ಇಲ್ಲ.

ಸುದ್ದಿ ಹಂಡವ್ವನಿಗೆ ಮುಟ್ಟಿತು. ಕಾರೆಸೊಪ್ಪನ್ನ ಹೊಟ್ಟೆ ಬಿರಿಯೋ ಹಾಗೆ ಮೇದು ಅರಮನೆ ಬಾಗಿಲಿಗೆ ಬಂದಳು. ಕಾವಲಿನೋನು ಭರ್ಜಿ ಅಡ್ಡ ಹಿಡಿದ.

"ಮಗನ ಮುಖ ನೋಡೋಕೆ ಬಂದೆ ಕಣಪ್ಪಾ. ತಾಯಿ ಮೂರು ಸಲ ಬೀಳ್ಕೊಡಬೇಕು. ಹೊತ್ತದ್ದಕ್ಕೆ ಒಂದು, ಹಾಲು ಕೊಟ್ಟದ್ದಕ್ಕೆ ಒಂದು, ಹೆಸರಿಟ್ಟದ್ದಕ್ಕೆ ಒಂದು. ನಮ್ಮ ಕುಲದ ಪದ್ಧತಿ."

ಅಂಥಾ ಪದ್ಧತಿ ಯಾವ ಕುಲದಲ್ಲೂ ಇರಲಿಲ್ಲ. ಅಲ್ಲೇ ನಿಂತಿದ್ದ ಕಿರುಬ ಪಂಡಿತ ಹಂಡವ್ವನ ತೊಡೆ ನೋಡಿದ, ಬೆನ್ನು ನೋಡಿದ. ಮಗ ಹೋದರೆ ತಾಯಿ ಕೊರಗಿ ಸಾಯ್ತಾಳೆ, ಒಂದಕ್ಕೆ ಎರಡು ಅಂತ ಲೆಕ್ಕ ಹಾಕಿದ. "ಪಾಪ, ಬಿಡಯ್ಯಾ, ತಾಯಿ ಕರುಳು," ಅಂದ. ಅಂದಾಗ ಶಾಲಿನ ಅಂಚಿನಿಂದ ಒಂದು ಹನಿ ಜೊಲ್ಲು ತೊಟ್ಟಿಕ್ಕಿತು.

ಹಂಡವ್ವ ಆ ಹನಿ ನೋಡಿದಳು.

ಮಗನ ಹತ್ತಿರ ಮಂಡಿ ಊರಿದಳು. ಪಂಡಿತ ಮೂರು ಮೊಳ ದೂರದಲ್ಲೇ ನಿಂತು ನೋಡ್ತಿದ್ದಾನೆ. ಅವಳು ಗೊಳೋ ಅಂತ ಅತ್ತಳು. ಅಳುತ್ತಾ ಅಳುತ್ತಾ ಹೊಟ್ಟೆಯಿಂದ ಒಂದು ತುತ್ತು ಮೆಲುಕು ಮೇಲಕ್ಕೆ ತಂದಳು. ಮುದ್ದು ಕೊಡೋ ಹಾಗೆ ಮಗನ ಬಾಯಿಗೆ ಬಾಯಿ ಇಟ್ಟಳು.

"ಥೂ ಅವ್ವಾ, ಎಂಜಲು!" ಅಂತ ಜೋಲ ಪಿಸುಗುಟ್ಟಿದ.

"ಎಂಜಲಲ್ಲ ಕಣೋ, ಒಕ್ಕಲು. ನುಂಗು. ನುಂಗಿ ಬಾಯಿ ಮುಚ್ಕೊಂಡು ಬಿದ್ದಿರು."

"ಪಂಡಿತರು ಬೈದರೆ?"

"ರೋಗಿ ಮುಂದೆ ಜೊಲ್ಲು ಸುರಿಸೋನು ಯಾವ ಪಂಡಿತ?"

ಜೋಲ ನುಂಗಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಂಜಿದ ಒಂದು ದನಿ. "ಯಾರಾದರೂ ಇದ್ದೀರಾ? ಊರು ಹಾಳು ಬಿದ್ದೈತಲ್ಲಾ." ಜೋಲನಿಗೆ ಕಣ್ಣಲ್ಲಿ ನೀರು ಬಂತು. ಪಂಡಿತ ಅದನ್ನ ಸಾವಿನ ಸಂಕಟ ಅಂದ್ಕೊಂಡ.

ಎರಡನೇ ದಿನ ಹಂಡವ್ವ ಇನ್ನೊಂದು ತುತ್ತು ಕೊಟ್ಟಳು, ಜೊತೆಗೆ ದವಡೆಯಲ್ಲಿ ಬಚ್ಚಿಟ್ಟ ಎಳೇ ಜಾಲಿ ಚಿಗುರು. "ಒಕ್ಕಲು ಕೂರಿಸಿದರೆ ಸಾಲದು, ಉಳೋಕೆ ಹೊಲ ಕೊಡಬೇಕು," ಅಂದಳು. ಒಳಗೆ ಒಂದು ಕೇರಿ ಎದ್ದಿತು. ಮೂರನೇ ದಿನ ಮತ್ತೊಂದು ತುತ್ತು, ಮತ್ತಷ್ಟು ಚಿಗುರು. ಮೂರೂ ಕೇರಿಯಲ್ಲಿ ಒಲೆ ಹತ್ತಿತು. ಹಂಡವ್ವ ಮಗನ ಪಕ್ಕೆಗೆ ಬಾಯಿಟ್ಟು, "ಹೊಗೆ ಹಿಡಿದಿಡ್ರಪ್ಪಾ, ದೊರೆ ಮೂರನೇ ಸಲ ಕರೆದಾಗ ಬಿಡಿ," ಅಂತ ಪಿಸುಗುಟ್ಟಿದಳು. ಮಗನಿಗೆ, "ಕಾಲು ಸೆಟೆಸಿ ಮಲಗು, ಕಿವಿ ಮುಖದ ಮೇಲೆ ಎಳ್ಕೋ," ಅಂದಳು. ಆಮೇಲೆ ಎದ್ದು ಎದೆ ಬಡ್ಕೊಂಡಳು. "ಅಯ್ಯೋ, ಹೋದನಲ್ಲಪ್ಪೋ!"

ಕಿರುಬ ಪಂಡಿತ ಆಗಲೇ ನೆಂಟರಿಗೆಲ್ಲ ಹೇಳಿಕಳಿಸಿದ್ದ. ಏಳು ಕಿರುಬಗಳು ಎಲೆ ಹಿಡ್ಕೊಂಡು ಕೋಟೆ ಬಾಗಿಲಲ್ಲಿ ಸಾಲಾಗಿ ಕೂತಿದ್ದವು. ಜೋಲನ ಮಂಚ ಅಂಗಳಕ್ಕೆ ಬಂತು. ದೊರೆ ಅಳುತ್ತಾ ಬಂದ. "ಸತ್ತದ್ದು ನನ್ನ ಪಾಲು ಬುದ್ಧಿ. ಕಟ್ಟಳೆ," ಅಂದ ಪಂಡಿತ.

ಹಂಡವ್ವ ಮುಂದೆ ಬಂದಳು. "ಕಟ್ಟಳೆ ಸರಿ. ಆದರೆ ಮೇಕೆ ಹೊಟ್ಟೆಯಲ್ಲಿ ಒಬ್ಬ ಒಕ್ಕಲಿದ್ದರೂ ಅದು ಸತ್ತ ಮೇಕೆ ಅಲ್ಲ. ಪಂಡಿತರು ಎಲ್ಲರನ್ನೂ ಖಾಲಿ ಮಾಡಿಸಿದ್ದು ನಿಜವಾ? ಅವರ ಔಷಧಿ ಅಷ್ಟೇನೂ ಗಟ್ಟಿ ಇಲ್ಲ ಅಂತ ಜನ ಆಡ್ಕೋತಾರೆ."

ಕಿರುಬನಿಗೆ ಮೆಣಸಿನಕಾಯಿ ಇಟ್ಟಂಗಾಯ್ತು. "ನನ್ನ ಔಷಧಿಯಾ? ಒಬ್ಬನೇ ಒಬ್ಬ ಉಳಿದಿದ್ದರೆ ಈ ಶಾಲು ಇಲ್ಲೇ ಬಿಚ್ಚಿಡ್ತೀನಿ! ಈ ರಾಜ್ಯದ ಆಡು ಸತ್ತರೂ ಮುಟ್ಟಲ್ಲ, ಬದುಕಿದರೂ ಮುಟ್ಟಲ್ಲ!"

"ಎಲ್ಲರೂ ಕೇಳಿದ್ರಾ?" ಅಂದಳು ಹಂಡವ್ವ. "ದೊರೆಯೇ, ನೀವೇ ಕರೆದು ನೋಡಿ. ಮೂರು ಸಲ."

ದೊರೆಗೆ ಅಳು ಅಲ್ಲೇ ನಿಂತಿತು. ಇಂಥಾ ಪ್ರಶ್ನೆ ಅವನು ಜನ್ಮದಲ್ಲೇ ಕೇಳಿರಲಿಲ್ಲ. ಬಗ್ಗಿ ಪಕ್ಕೆಗೆ ಬಾಯಿಟ್ಟ. "ಯಾರಿದ್ದೀರಿ ಒಳಗೆ?"

ಸದ್ದಿಲ್ಲ. ಕಿರುಬ ನಕ್ಕ.

"ಯಾರಿದ್ದೀರಿ ಒಳಗೆ?"

ಸದ್ದಿಲ್ಲ. ಬಾಗಿಲಲ್ಲಿ ಏಳು ನೆಂಟರೂ ನಕ್ಕರು, ಎಲೆಗೆ ನೀರು ಚಿಮುಕಿಸ್ಕೊಂಡರು. ಪಂಡಿತ ಅವಸರ ತಡೀಲಾರದೆ ಜೋಲನ ಮೂತಿ ಹತ್ತಿರ ಮೂಗು ತಂದ.

"ಯಾರಿದ್ದೀರಿ ಒಳಗೆ?"

"ನಾವಿದ್ದೀವೀ!"

ಆಗ ಬಂತು ನೋಡಿ ತೇಗು! ಅಂಥಾ ತೇಗು ಅದಕ್ಕೆ ಮುಂಚೆ ಬಂದಿಲ್ಲ, ಆಮೇಲೂ ಬಂದಿಲ್ಲ. ಗುಡುಗು ಅಂದ್ಕೊಂಡು ಊರ ಹೆಂಗಸರು ಒಣಗಿಸಿದ್ದ ಮೆಣಸಿನಕಾಯಿ ಬಾಚಿ ಒಳಗೆ ಓಡಿದರು. ಬೆಟ್ಟದ ಬಂಡೆ ಗರಗರ ತಿರುಗಿ, ಕಡಲೆಕಾಳಿನ ಜಾಗ ಬಿಟ್ಟು, ಹಿಂದಿನ ಕುಳಿಯಲ್ಲಿ ಭದ್ರವಾಗಿ ಕೂತಿತು. ಪಂಡಿತನ ಶಾಲು ಹಾರಿ ಕೋಟೆ ಬುರುಜಿಗೆ ಸಿಕ್ಕಿಕೊಂಡಿತು. ಪಂಡಿತನೂ ಹಾರಿದ. ಮೂರು ಊರಾಚೆ ಕುಂಡಿ ಊರಿ ಬಿದ್ದ. ಅವತ್ತಿಂದ ಕತ್ತೆಕಿರುಬನ ಬೆನ್ನ ಕೂದಲು ನೆಟ್ಟಗೆ ನಿಂತೇ ಐತೆ, ಹಿಂದಿನ ಸೊಂಟ ಕುಸಿದೇ ಐತೆ. ಸುಳ್ಳು ಅನ್ನೋರು ಹೋಗಿ ಕಿರುಬನನ್ನೇ ನೋಡಿ ಬರಲಿ.

ಜೋಲ ಎದ್ದು ಕಿವಿ ಒದರಿದ. ಬಾಯಿಗೆ ಮೆಲುಕು ಬಂತು.

ದೊರೆ ಹಂಡವ್ವನ ಮುಂದೆ ಕೂತ. "ಒಳಗಿನೋರಿಗೆ ಏನು ಕೊಡಬೇಕವ್ವಾ?"

"ಸೊಪ್ಪು ಮಂಕರಿ ತುಂಬ, ಕಾಳು ಬೊಗಸೆ ತುಂಬ. ಮಂಕರಿ, ಬೊಗಸೆ ಅದಲು ಬದಲು ಆಗಬಾರದು. ಊಟ ಬದಲಾಯಿಸೋದಾದರೆ ಮೆಲ್ಲಗೆ ಬದಲಾಯಿಸಿ, ಒಳಗಿನೋರಿಗೂ ಹೊಸ ಅಡಿಗೆ ಕಲಿಯೋಕೆ ದಿನ ಬೇಕು. ಕಾಯಿಲೆ ಬಿದ್ದೆದ್ದ ಮರಿಗೆ ಗಟ್ಟಿಮುಟ್ಟಾದ ಮೇಕೆಯ ಒಂದು ತುತ್ತು ಮೆಲುಕು."

ನಮ್ಮ ಈ ಕಾಲದಲ್ಲಿ ಪಶುವೈದ್ಯರು ಆ ಒಕ್ಕಲನ್ನ, ಅಂದರೆ ಹೊಟ್ಟೆಯೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನ, ಪುಡಿ ಮಾಡಿ ಪೊಟ್ಟಣ ಕಟ್ಟಿ ಮೇವಿಗೆ ಬೆರೆಸಿ ಅಂತ ಕೊಡ್ತಾರಂತೆ. ಕೊಡಲಿ, ಒಳ್ಳೇದೇ. ಆದರೆ ಪೊಟ್ಟಣ ಸುರಿದು ಸೊಪ್ಪು ಮರೆತರೆ ಹೊಲ ಇಲ್ಲದೆ ಒಕ್ಕಲು ಕರೆದಂಗೆ. ಬಂದೋರು ಬಂದ ದಾರಿಯಲ್ಲೇ ಹೋಗ್ತಾರೆ.

ದೊರೆ ಹಳೇ ಕಟ್ಟಳೆ ಕಿತ್ತು ಹಾಕಿದ. ಸತ್ತರೆ ಲಾಭ ಇರೋನು ಮದ್ದು ಕೊಡಬಾರದು ಅಂತ ಡಂಗುರ ಸಾರಿಸಿದ. ಆಮೇಲೆ ಎಲ್ಲರೂ ಹೋದ ಮೇಲೆ, ಜೋಲನನ್ನ ಹತ್ತಿರ ಕರೆದ. ತನ್ನ ಹೊಟ್ಟೆ ಮೇಲಿನ ಅಂಗಿ ಸರಿಸಿದ. "ಆ ಕಿವಿ ಇಲ್ಲಿಡು ನೋಡೋಣ," ಅಂದ.

ಜೋಲ ಇಟ್ಟ. ಬಹಳ ಹೊತ್ತು ಕೇಳಿದ.

"ಏನಂತಾರೆ?" ಅಂದ ದೊರೆ.

"ಹೋಳಿಗೆ ಸಾಕಂತೆ," ಅಂದ ಜೋಲ. "ಮಜ್ಜಿಗೆ ಕೇಳ್ತಾವ್ರೆ."

ಅದಕ್ಕೇ ಮಕ್ಕಳೇ, ಇದನ್ನ ಗಂಟು ಹಾಕ್ಕೊಳ್ಳಿ. ಕಣ್ಣಿಗೆ ಕಾಣದೆ ನಮ್ಮ ಅಡಿಗೆ ಮಾಡೋರನ್ನ ಹೊಡೆದೋಡಿಸಬೇಡಿ. ಮದ್ದು ಕುಡಿಯೋ ಮುಂಚೆ, ಕುಡಿಸೋನ ಶಾಲು ನೋಡಬೇಡಿ, ಅವನ ಜೊಲ್ಲು ನೋಡಿ.